ಮೂರು ಸಲ ನೋಡಿದರೆ ಮೂರು ನಂಬರ್, ಬಿಪಿ ಮೆಷಿನ್ ಕೆಟ್ಟಿದೆಯಾ?

ಆಸ್ಪತ್ರೆ ಉಪಕರಣಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಅದು ಗೊತ್ತಾದ ಕೂಡಲೇ ನೆಂಟರೂ ಅಕ್ಕಪಕ್ಕದವರೂ ಕೇಳುವುದು ಇದನ್ನೇ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ. ಒಂದೆರಡರಲ್ಲಿ ಟ್ಯೂಬ್‌ನಿಂದ ಗಾಳಿ ಸೋರುತ್ತಿತ್ತು, ಅಷ್ಟೇ.

ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳುವುದು ಶಬ್ದ. ರಷ್ಯಾದ ಡಾಕ್ಟರು ಕೊರೊಟ್ಕಾಫ್ 1905ರಲ್ಲಿ ಹೇಳಿಕೊಟ್ಟ ವಿಧಾನ ಅದು: ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಇಳಿಯುವಾಗ ಟಕ್ ಟಕ್ ಶುರುವಾದಲ್ಲಿ ಮೇಲಿನ ಬಿಪಿ, ನಿಂತಲ್ಲಿ ಕೆಳಗಿನದು. ಮನೆಯ ಮೆಷಿನ್ ಸಾಮಾನ್ಯವಾಗಿ ಶಬ್ದ ಕೇಳಿಸಿಕೊಳ್ಳುವುದೇ ಇಲ್ಲ. ತೋಳಿನ ರಕ್ತನಾಳ ಅಮುಕಿಹೋಗುವಷ್ಟು ಗಾಳಿ ತುಂಬಿ ಮೆಲ್ಲಗೆ ಬಿಡುತ್ತಾ ಬಂದಾಗ, ಒಂದೊಂದು ಬಡಿತಕ್ಕೂ ಪಟ್ಟಿಯೊಳಗಿನ ಗಾಳಿ ಒಂಚೂರು ಅದುರುತ್ತದೆ. ಸೆನ್ಸರ್ ಹಿಡಿಯುವುದು ಆ ಅದುರನ್ನು. ಅದು ಮೊದಲು ಸಣ್ಣದಿದ್ದು, ದೊಡ್ಡದಾಗಿ, ಮತ್ತೆ ಸಣ್ಣದಾಗುತ್ತದೆ. ಅತಿ ದೊಡ್ಡದಾದಾಗ ಪಟ್ಟಿಯಲ್ಲಿರುವ ಒತ್ತಡ ನಿಮ್ಮ ಸರಾಸರಿ ಬಿಪಿಗೆ ಹತ್ತಿರ. ಮೇಲಿನದು, ಕೆಳಗಿನದು ಎರಡನ್ನೂ ಮೆಷಿನ್ ಇದರಿಂದ ಲೆಕ್ಕ ಹಾಕಿ ಹೇಳುತ್ತದೆ. ಆ ಲೆಕ್ಕ ಕಂಪನಿಗೊಂದು ಥರ, ಗುಟ್ಟು ಬಿಟ್ಟುಕೊಡುವುದಿಲ್ಲ. ಹಾಗಾಗಿ ಪಕ್ಕದ ಮನೆ ಮೆಷಿನ್ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ಒಂದೇ ಮೆಷಿನ್ ಯಾಕೆ ಬೇರೆ ಬೇರೆ ಹೇಳುತ್ತೆ ಅಂದರೆ, ಬಿಪಿಯೇ ನಿಂತಲ್ಲಿ ನಿಲ್ಲುವುದಿಲ್ಲ. ಜೊತೆಗೆ ನಾವು ಕೂರುವ ರೀತಿ! ನಮ್ಮ ಸೋದರತ್ತೆ ಅಡುಗೆಮನೆಯಿಂದ ಧಡಧಡ ಬಂದು, ಸ್ವೆಟರ್ ಮೇಲೇ ಪಟ್ಟಿ ಸುತ್ತಿ, ಕೈ ಇಳಿಬಿಟ್ಟು, ಮೆಷಿನ್ ಗುಂಯ್ ಅನ್ನುತ್ತಿರುವಾಗಲೇ ನನಗೆ "ಕಾಫಿ ಕುಡೀತೀಯೇನೋ" ಅಂದರು. ಬಂದಿದ್ದು 158. ಸ್ವೆಟರ್ ತೆಗೆಸಿ, ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೆ ಊರಿಸಿ, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಡಿಸಿ, ಐದು ನಿಮಿಷ ಸುಮ್ನೆ ಕೂರಿಸಿದೆ (ಮಾತಾಡದೆ ಕೂರುವುದೇ ಅವರಿಗೆ ಕಷ್ಟವಾಗಿದ್ದು). 136 ಬಂತು. ತೋಳಿನ ಪಟ್ಟಿ ಎದೆಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೂ ಸಾಕು, ಏಳೆಂಟು ಪಾಯಿಂಟ್ ಜಾಸ್ತಿ ತೋರಿಸುತ್ತದೆ.

ಪಟ್ಟಿಯ ಅಳತೆಯನ್ನಂತೂ ಯಾರೂ ನೋಡುವುದಿಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಎಷ್ಟು ಸೆಂಟಿಮೀಟರ್ ತೋಳಿಗೆ ಅಂತ ಪಟ್ಟಿ ಮೇಲೇ ಬರೆದಿರುತ್ತಾರೆ, ಟೈಲರ್ ಟೇಪಿನಲ್ಲಿ ತೋಳಿನ ನಡುಭಾಗ ಅಳೆದು ನೋಡಿ.

ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಸರಾಸರಿ ಬರೆದಿಡಿ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85. ಇದನ್ನು ಮೀರಿದ ನಂಬರ್ ದಿನಾ ಬರುತ್ತಿದ್ದರೆ ಮೆಷಿನ್ ಮೇಲೆ ಗೂಬೆ ಕೂರಿಸದೆ ಡಾಕ್ಟರ ಹತ್ತಿರ ಹೋಗಿ, ನೀವಾಗೇ ಮಾತ್ರೆ ಹೆಚ್ಚುಕಮ್ಮಿ ಮಾಡಬೇಡಿ.

ಎದೆಬಡಿತ ಏರುಪೇರಾಗಿ ಬರುವವರ ವಿಷಯ ಬೇರೆ. ಒಂದು ಅದುರು ದೊಡ್ಡದು, ಇನ್ನೊಂದು ಚಿಕ್ಕದು ಆದಾಗ ಮೆಷಿನ್ನಿನ ಲೆಕ್ಕವೇ ತಪ್ಪಬಹುದು. ಅಂಥವರಿಗೆ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡುವುದೇ ಒಳ್ಳೆಯದು. ಹೋಗುವಾಗ ನಿಮ್ಮ ಮೆಷಿನ್ನನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅದೇ ತೋಳಿಗೆ ಅಲ್ಲೇ ಹಾಕಿ ಎರಡನ್ನೂ ಹೋಲಿಸಬಹುದು. ಸೆಲ್ ಮಾತ್ರ ಹೊಸದು ಹಾಕಿರಿ.