ಎಂಎಕ್ಸ್-5ರ ಹೊಸ ತಲೆಮಾರುಗಳಲ್ಲಿ ಜೀವ ಉಳಿದಿದೆಯೇ?

ಎರಡೇ ಸೀಟಿನ, ಚಾವಣಿ ತೆರೆಯುವ ಸಣ್ಣ ಸ್ಪೋರ್ಟ್ಸ್ ಕಾರು ಮಾಜ್ದಾ ಎಂಎಕ್ಸ್-5 ಹೊಸ ರೂಪದಲ್ಲಿ ಬಂದಾಗಲೆಲ್ಲ ಒಂದೇ ದೂರು ಕೇಳಿಬರುತ್ತದೆ: ಹಳೆಯದರ ಜೀವ ಇದರಲ್ಲಿ ಇಲ್ಲ. 1998ರಲ್ಲಿ ಮೇಲೇಳುವ ಹೆಡ್‌ಲೈಟ್ ಹೋಯಿತು, 2005ರಲ್ಲಿ ಮೈ ದಪ್ಪವಾಯಿತು, 2015ರಲ್ಲಿ ಸ್ಟಿಯರಿಂಗ್‌ಗೆ ಎಲೆಕ್ಟ್ರಿಕ್ ಮೋಟರ್ ಬಂತು. ಮೂರೂ ನಿಜ. ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೆಡ್‌ಲೈಟ್ ಹೋದದ್ದರಿಂದ ಓಡಿಸುವವರ ಕೈಗೆ ಏನೂ ನಷ್ಟವಾಗಲಿಲ್ಲ, ಸ್ಟಿಯರಿಂಗ್ ಬದಲಾದದ್ದರಿಂದ ಆಯಿತು. ಕಾರಿನ ಜೀವ ಅನ್ನುವುದು ಬೆರಳಿಟ್ಟು ತೋರಿಸಬಹುದಾದ ಕೆಲವು ಭಾಗಗಳಲ್ಲಿ, ಕೆಲವು ಅಳತೆಗಳಲ್ಲಿ ಇರುತ್ತದೆ. ಅವು ಯಾವುವು ಎಂದು ಗೊತ್ತಿದ್ದರೆ, ಹೊಸ ತಲೆಮಾರಿನಲ್ಲಿ ಏನು ಹೋಗಿದೆ, ಏನು ಹಾಗೇ ಇದೆ ಎಂದು ಒಂದೊಂದಾಗಿ ನೋಡಿ ಹೇಳಬಹುದು.

ಮೊದಲ ತಲೆಮಾರಿನ ಎನ್‌ಎ ಹೊರಬಂದದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೊ ಆಟೊ ಶೋನಲ್ಲಿ. 1.6 ಲೀಟರಿನ ಟ್ವಿನ್ ಕ್ಯಾಮ್ ಇಂಜಿನ್, ಜಪಾನಿನ ಮಾದರಿಯಲ್ಲಿ 120 ಪಿಎಸ್ (ಅಶ್ವಶಕ್ತಿ) ಶಕ್ತಿ, 940 ಕಿಲೊ ತೂಕ. ಅಂಕಿ ನೋಡಿ ಬೆರಗಾಗುವಂಥದ್ದೇನಿಲ್ಲ. ಗುಟ್ಟೆಲ್ಲ ಜೋಡಣೆಯಲ್ಲಿದೆ. ಇಂಜಿನ್ನನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಗೇರ್‌ಬಾಕ್ಸನ್ನೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲನ್ನೂ ಪವರ್ ಪ್ಲಾಂಟ್ ಫ್ರೇಮ್ ಎಂಬ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಸೇರಿಸಿ ಕಟ್ಟಿದೆ. ಹಾಗಾಗಿ ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಶಿಯಲ್ ಮೊದಲು ತನ್ನ ರಬ್ಬರ್ ಮೌಂಟ್ ಮೇಲೆ ಹೊರಳಿ ಆಮೇಲೆ ಎಳೆಯುವ ತಡ ಇಲ್ಲ. ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ನಿಂತಿದೆ, ನಡುವೆ ಕೇಬಲ್ ಇಲ್ಲ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ಸಸ್ಪೆನ್ಶನ್. ಟೈರ್ 185/60, ಚಕ್ರ 14 ಇಂಚು. ಈ ಸಣ್ಣ ಟೈರನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ ಹೆಚ್ಚು. ಅದರ ಹಿಡಿತ ಮಿತವಾದದ್ದರಿಂದಲೇ ಕಾರು ಸಾಧಾರಣ ವೇಗದಲ್ಲೂ ತಾನೇನು ಮಾಡುತ್ತಿದ್ದೇನೆ ಎಂದು ತಿಳಿಸುತ್ತದೆ.

ಹೋಲಿಕೆಗೆ ಪೋರ್ಷೆ 911 ನೋಡಿ. 996, 991, 992 ಅದರ ತಲೆಮಾರುಗಳ ಸಂಕೇತಗಳು. 1963ರ ಕಾರಿನ ವೀಲ್‌ಬೇಸ್ (ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ) 2,211 ಮಿಲಿಮೀಟರ್, ತೂಕ 1,100 ಕಿಲೊ ಒಳಗೆ. 2011ರ 991ಕ್ಕೆ ಬರುವಷ್ಟರಲ್ಲಿ ವೀಲ್‌ಬೇಸ್ 2,450 ಆಯಿತು. ಈಗಿನ 992 ಸುಮಾರು 1,500 ಕಿಲೊ. 1997ರ 996ರಲ್ಲಿ ಗಾಳಿಯಿಂದ ತಣಿಯುವ ಇಂಜಿನ್ ಹೋಗಿ ನೀರಿನದು ಬಂದಾಗ ಅಭಿಮಾನಿಗಳು ಎಬ್ಬಿಸಿದ ಗದ್ದಲ ದೊಡ್ಡದು. ಆದರೆ ಓಡಿಸುವ ಅನುಭವವನ್ನು ಅದಕ್ಕಿಂತ ಹೆಚ್ಚು ಬದಲಿಸಿದ್ದು ಹಿಗ್ಗಿದ ಗಾತ್ರ ಮತ್ತು 991ರಲ್ಲಿ ಬಂದ ಎಲೆಕ್ಟ್ರಿಕ್ ಸ್ಟಿಯರಿಂಗ್. 992 ಅದ್ಭುತ ಯಂತ್ರ, ಅನುಮಾನವೇ ಇಲ್ಲ. ಅದರ ಮಜಾ ಶುರುವಾಗುವ ವೇಗಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಜಾಗವಿಲ್ಲ, ಅಷ್ಟೇ.

ಎಂಎಕ್ಸ್-5ರ ಎರಡನೇ ತಲೆಮಾರಿನ ಎನ್‌ಬಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ 2,265 ಮಿಲಿಮೀಟರ್ ವೀಲ್‌ಬೇಸ್, ಅದೇ ತಳಪಾಯ. ಎನ್‌ಎಯ ಹಾರ್ಡ್‌ಟಾಪ್ (ಬಿಚ್ಚಿಡಬಹುದಾದ ಗಟ್ಟಿ ಚಾವಣಿ) ತಂದು ಎನ್‌ಬಿ ಮೇಲೆ ಕೂರಿಸಿದರೆ ಕೂರುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಬದಲು ಗಾಜು ಬಂತು. ಮೇಲೇಳುವ ಹೆಡ್‌ಲೈಟಿನ ಮೋಟರು, ತೋಳು, ಮುಚ್ಚಳಗಳ ಭಾರ ಕಾರಿನ ಮೂಗಿನಿಂದ ಇಳಿಯಿತು. ಜೀವ ಹೋಯಿತು ಎಂದು ಇದನ್ನು ದೂರಿದವರು ಕಾರಿನ ಮುಖ ನೋಡಿ ಮಾತಾಡಿದರು, ಓಡಿಸಿ ಅಲ್ಲ.

2005ರ ಎನ್‌ಸಿ ನಿಜಕ್ಕೂ ಬೇರೆ ಕಾರು. 2.0 ಲೀಟರ್ ಇಂಜಿನ್, 2,330 ಮಿಲಿಮೀಟರ್ ವೀಲ್‌ಬೇಸ್, ಹಿಂದೆ ಡಬಲ್ ವಿಶ್‌ಬೋನ್ ಬದಲು ಹಲವು ತೋಳುಗಳ ಮಲ್ಟಿಲಿಂಕ್, ಆಕ್ಸಿಲರೇಟರ್ ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್. ತೂಕ ಇಳಿಸಲು ಮಾಜ್ದಾ ಗ್ರಾಂ ಲೆಕ್ಕದಲ್ಲಿ ಹೆಣಗಿತ್ತು. ಒಳಗಿನ ಹಿಂಬದಿ ಕನ್ನಡಿಯನ್ನು ಸರಳಗೊಳಿಸಿಯೇ 84 ಗ್ರಾಂ ಉಳಿಸಿತು. ಆದರೂ ಈ ತಲೆಮಾರಿಗೆ ಬಿದ್ದಷ್ಟು ಬೈಗುಳ ಬೇರೆ ಯಾವುದಕ್ಕೂ ಬೀಳಲಿಲ್ಲ. ಅದರಲ್ಲಿ ಬಹುಪಾಲು ಎನ್‌ಸಿ ನಿಲ್ಲುವ ಎತ್ತರಕ್ಕೆ ಸಲ್ಲಬೇಕು. ಕಾರ್ಖಾನೆಯಿಂದ ಬಂದ ಕಾರಿನ ಟೈರಿಗೂ ಚಕ್ರದ ಕಮಾನಿಗೂ ನಡುವೆ ದೊಡ್ಡ ಸಂದು. ಸ್ಪ್ರಿಂಗ್ ಮೆತ್ತಗೆ, ಹಾಗಾಗಿ ತಿರುವಿನಲ್ಲಿ ಮೊದಲು ವಾಲಿ ಆಮೇಲೆ ತಿರುಗುತ್ತದೆ. ಇನ್ನೂರೈವತ್ತು ಗ್ರಾಂ ಅಲ್ಲಿ, ನೂರು ಗ್ರಾಂ ಇಲ್ಲಿ ಎಂದು ಉಳಿಸಿದ್ದೆಲ್ಲ ಆ ವಾಲಾಟದಲ್ಲಿ ಗೊತ್ತೇ ಆಗುವುದಿಲ್ಲ. ಸುಮಾರು 25 ಮಿಲಿಮೀಟರ್ ಇಳಿಸುವ ಒಳ್ಳೆಯ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಆಮೇಲೆ ಪೂರ್ತಿ ಅಲೈನ್‌ಮೆಂಟ್: ಇಷ್ಟು ಮಾಡಿಸಿದ ಎನ್‌ಸಿಯನ್ನು ಓಡಿಸಿದವರು ಅದನ್ನು ಸತ್ತ ಕಾರು ಎನ್ನಲಾರರು. 2008ರ ಪರಿಷ್ಕರಣೆಯಲ್ಲಿ ಫೋರ್ಜ್ ಮಾಡಿದ ಕ್ರ್ಯಾಂಕ್ ಬಂದು ಇಂಜಿನ್ ನಿಮಿಷಕ್ಕೆ ಇನ್ನೂ 500 ಸುತ್ತು ಮೇಲೇರುವಂತಾಯಿತು. ಕೊಳ್ಳುವುದಿದ್ದರೆ ಅದರ ನಂತರದ್ದನ್ನೇ ಹುಡುಕಿ.

ಇನ್ನು 2015ರ ಎನ್‌ಡಿ. ಕಾರು ದಪ್ಪಗಾಗುವುದು ವಿಧಿ, ಸುರಕ್ಷತಾ ನಿಯಮಗಳಿಂದ ಬೇರೆ ದಾರಿಯೇ ಇಲ್ಲ ಎನ್ನುವ ವಾದಕ್ಕೆ ಇದೇ ನೇರ ಉತ್ತರ. ಉದ್ದ 3,915 ಮಿಲಿಮೀಟರ್, ಅಂದರೆ 1989ರ ಕಾರಿಗಿಂತಲೂ ಗಿಡ್ಡ. ಜಪಾನಿನಲ್ಲಿ 1.5 ಲೀಟರ್ ಇಂಜಿನ್ನಿನ ಮೂಲ ಮಾದರಿ 990 ಕಿಲೊ. ಏರ್‌ಬ್ಯಾಗ್, ಎಬಿಎಸ್, ಸ್ಥಿರತೆ ಕಾಯುವ ವ್ಯವಸ್ಥೆ, ಡಿಕ್ಕಿಯಾದಾಗ ಪಾದಚಾರಿಯ ತಲೆ ಕಾಯಲು ಮೇಲೇಳುವ ಬಾನೆಟ್, ಇಷ್ಟೆಲ್ಲ ಇದ್ದೂ ಎನ್‌ಎಗಿಂತ ಬರೀ 50 ಕಿಲೊ ಹೆಚ್ಚು. ತೂಕ ಹೇಗೆ ಇಳಿಯಿತು ಎಂದು ತಿಳಿಯಲು ಚಕ್ರದ ನಟ್ ಎಣಿಸಿದರೆ ಸಾಕು. ಎನ್‌ಸಿಯಲ್ಲಿ ಐದು, ಎನ್‌ಡಿಯಲ್ಲಿ ಮತ್ತೆ ನಾಲ್ಕು. ಕಾರು ಹಗುರವಾದರೆ ಹಬ್ ಸಣ್ಣದಾಗಬಹುದು, ಹಬ್ ಸಣ್ಣದಾದರೆ ಚಕ್ರ, ಬ್ರೇಕ್, ಸ್ಪ್ರಿಂಗ್ ಎಲ್ಲವೂ ಹಗುರವಾಗಬಹುದು. ಭಾರ ಭಾರವನ್ನು ಕರೆತರುವ ಹಾಗೆ, ಹಗುರವೂ ಹಗುರವನ್ನು ಕರೆತರುತ್ತದೆ.

2018ರಲ್ಲಿ 2.0 ಲೀಟರ್ ಇಂಜಿನ್ನಿನ ಒಂದೊಂದು ಪಿಸ್ಟನ್‌ನಿಂದ 27 ಗ್ರಾಂ, ಒಂದೊಂದು ಕನೆಕ್ಟಿಂಗ್ ರಾಡ್‌ನಿಂದ 41 ಗ್ರಾಂ ತೆಗೆದರು. ಶಕ್ತಿ 160ರಿಂದ 184 ಪಿಎಸ್‌ಗೆ ಏರಿತು, ಕೆಂಪು ಗೆರೆ, ಅಂದರೆ ಇಂಜಿನ್ ಏರಬಹುದಾದ ಸುತ್ತಿನ ಮಿತಿ, ನಿಮಿಷಕ್ಕೆ 6,800ರಿಂದ 7,500ಕ್ಕೆ ಹೋಯಿತು. ಟರ್ಬೊ ಹಾಕಿ ಸುಲಭದಲ್ಲಿ ಶಕ್ತಿ ತರಬಹುದಾಗಿದ್ದ ಕಾಲದಲ್ಲಿ ಸುತ್ತು ಏರಿಸಿ ಶಕ್ತಿ ತಂದರು. ಈ ಒಂದು ನಿರ್ಧಾರಕ್ಕೇ ಆ ತಂಡಕ್ಕೆ ಕೈಮುಗಿಯಬೇಕು.

ಆಮೇಲೆ ಬಂದ ಕೈನೆಮ್ಯಾಟಿಕ್ ಪೋಸ್ಚರ್ ಕಂಟ್ರೋಲ್ ಕೂಡ ಅದೇ ಮನೋಭಾವದ್ದು. ಬಿರುಸಿನ ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ತೀರಾ ಲಘುವಾಗಿ ಬ್ರೇಕ್ ತಾಗಿಸುತ್ತದೆ. ಹಿಂದಿನ ಸಸ್ಪೆನ್ಶನ್ನಿನ ಜಾಮಿತಿಯಿಂದಾಗಿ ಆ ಬ್ರೇಕ್ ಕಾರಿನ ಮೈಯನ್ನು ಕೆಳಕ್ಕೆ ಎಳೆಯುತ್ತದೆ, ವಾಲಾಟ ತಗ್ಗುತ್ತದೆ. ಇದಕ್ಕಾಗಿ ಒಂದು ಗ್ರಾಂ ಹೊಸ ಭಾಗವೂ ಬೇಕಾಗಲಿಲ್ಲ. ಎಲೆಕ್ಟ್ರಾನಿಕ್ಸ್ ಬಂತೆಂದರೆ ಜೀವ ಹೋಯಿತು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಸ್ಟಿಯರಿಂಗ್ ಮಾತ್ರ ನಿಜವಾದ ನಷ್ಟ. ಎನ್‌ಎಯ ಕೆಳದರ್ಜೆಯ ಮಾದರಿಗಳಿಗೆ ಪವರ್ ಸ್ಟಿಯರಿಂಗೇ ಇರಲಿಲ್ಲ. ಅದನ್ನು ಹಿಡಿದರೆ, ತಿರುವಿನಲ್ಲಿ ಮುಂಚಕ್ರದ ಹಿಡಿತ ಮುಗಿಯುವ ಮುನ್ನ ಸ್ಟಿಯರಿಂಗ್ ಕೈಯಲ್ಲಿ ಹಗುರವಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಾರಣ ಸರಳ: ಟೈರ್ ನೆಲ ಒತ್ತುವ ಜಾಗದಿಂದ ಬರುವ ಬಲ ಟೈ ರಾಡ್, ರ‍್ಯಾಕ್, ಕಾಲಂ ಹಾದು ನೇರ ಅಂಗೈಗೆ ಬರುತ್ತದೆ. ರ‍್ಯಾಕ್ ಎಂದರೆ ಮುಂಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು, ಕಾಲಂ ಎಂದರೆ ಸ್ಟಿಯರಿಂಗಿನಿಂದ ಅದರತ್ತ ಇಳಿಯುವ ದಂಡ. ಎನ್‌ಡಿಯಲ್ಲಿ ಎಲೆಕ್ಟ್ರಿಕ್ ಮೋಟರನ್ನು ಕಾಲಂ ಮೇಲಿಡದೆ ರ‍್ಯಾಕ್ ಬಳಿಯೇ ಇಟ್ಟಿದ್ದಾರೆ. ಅದು ಒಳ್ಳೆಯದೇ, ಏಕೆಂದರೆ ಕೈಗೂ ಚಕ್ರಕ್ಕೂ ನಡುವೆ ತಿರುಚುವ ಭಾಗ ಕಡಿಮೆಯಾಗುತ್ತದೆ. ಆದರೂ ರಸ್ತೆಯ ಸಣ್ಣ ಒರಟು, ಹಿಡಿತ ತಗ್ಗುವ ಆ ಸೂಕ್ಷ್ಮ ಸೂಚನೆ ಮೋಟರಿನ ಹತ್ತಿರ ಸೋಸಿಹೋಗುತ್ತದೆ. ಎನ್‌ಡಿಯಲ್ಲಿ ಆ ಸುದ್ದಿ ಬರುವುದು ಸೀಟಿನಿಂದ, ಮೈ ವಾಲುವ ರೀತಿಯಿಂದ. ಸುದ್ದಿ ಬರುತ್ತದೆ, ದಾರಿ ಬೇರೆ. ಈಚಿನ ಪರಿಷ್ಕರಣೆಯಲ್ಲಿ ರ‍್ಯಾಕಿನ ಘರ್ಷಣೆ ಕಡಿಮೆ ಮಾಡಿದ್ದಾರೆ, ನಡುಸ್ಥಾನದ ಮಬ್ಬು ಅದರಿಂದ ಸಾಕಷ್ಟು ತಿಳಿಯಾಗಿದೆ.

ಇದೇ ಸ್ಪರ್ಶಕ್ಕಾಗಿ ಎನ್‌ಎಯ ಪವರ್ ಸ್ಟಿಯರಿಂಗ್ ಕಿತ್ತುಹಾಕುವವರೂ ಉಂಟು. ಬೆಲ್ಟ್ ತೆಗೆದು, ಎರಡು ಕೊಳವೆಗಳನ್ನು ಒಂದಕ್ಕೊಂದು ಸುತ್ತುಹಾಕಿ ಬಿಟ್ಟರೆ ಕೆಲಸ ಮುಗಿಯಲಿಲ್ಲ. ರ‍್ಯಾಕಿನೊಳಗಿನ ಪಿಸ್ಟನ್ ಸೀಲ್ ಇನ್ನೂ ಉಜ್ಜುತ್ತಿರುತ್ತದೆ, ಉಳಿದ ಎಣ್ಣೆಯನ್ನು ಪ್ರತಿ ಸಲ ಅತ್ತಿತ್ತ ತಳ್ಳಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಪಿನಿಯನ್ನಿನಲ್ಲಿ (ಸರಳನ್ನು ತಳ್ಳುವ ಸಣ್ಣ ಗೇರಿನಲ್ಲಿ) ಕವಾಟ ತೆರೆಯಲೆಂದೇ ಇಟ್ಟಿರುವ ಟಾರ್ಶನ್ ಬಾರ್ ಎಂಬ ಕಂಬಿ ತಿರುಚಿಕೊಂಡು ನಡುವಿನಲ್ಲಿ ಸಡಿಲು ಹುಟ್ಟಿಸುತ್ತದೆ. ಸರಿಯಾಗಿ ಮಾಡುವುದಾದರೆ ರ‍್ಯಾಕ್ ಬಿಚ್ಚಿ ಸೀಲ್ ತೆಗೆಯಬೇಕು, ಪಿನಿಯನ್ನಿನ ಆ ಸಡಿಲನ್ನು ವೆಲ್ಡ್ ಮಾಡಿ ಮುಚ್ಚಬೇಕು, ಹೊಸ ಗ್ರೀಸ್ ತುಂಬಬೇಕು. ವೆಲ್ಡ್ ನುರಿತವರ ಕೈಯದೇ ಆಗಬೇಕು, ಏಕೆಂದರೆ ಮುರಿದರೆ ಸ್ಟಿಯರಿಂಗೇ ಇಲ್ಲ. ಇನ್ನೊಂದು ವಿಷಯ: ಪವರ್ ರ‍್ಯಾಕಿನ ಅನುಪಾತ ಸುಮಾರು 15:1, ಮೂಲ ಮ್ಯಾನುಯಲ್ ರ‍್ಯಾಕಿನದು ಸುಮಾರು 18:1. ಹಾಗಾಗಿ ಹೀಗೆ ಬದಲಿಸಿದ ರ‍್ಯಾಕ್ ನಿಲ್ಲಿಸುವಾಗ ಇನ್ನಷ್ಟು ಭಾರವಾಗುತ್ತದೆ.

ಹೊಸದು, ಹಳೆಯದು ಎರಡನ್ನೂ ಹೋಲಿಸಹೊರಟವರು ಹಳೆಯ ಕಾರು ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡಬೇಕು. ಸಸ್ಪೆನ್ಶನ್ ತೋಳುಗಳ ಕೀಲಿನಲ್ಲಿರುವ ಮೂವತ್ತು ವರ್ಷದ ರಬ್ಬರ್ ಬುಷ್ ಮೇಲೆ ನಿಂತ ಎನ್‌ಎ ಅಳತೆಗೋಲಾಗಲು ಯೋಗ್ಯವಲ್ಲ. ಅದರ ನಡುಕ, ಕಿರುಗುಟ್ಟುವಿಕೆ, ಅತ್ತಿತ್ತ ಎಳೆಯುವ ಗುಣವನ್ನೇ ಎಷ್ಟೋ ಜನ ಜೀವ ಎಂದುಕೊಂಡಿರುತ್ತಾರೆ. ಮೊದಲು ಬುಷ್. ಹೊಸತು ಹಾಕಿದ ಮೇಲೆ ಅದರ ಬೋಲ್ಟನ್ನು ಕಾರು ಜ್ಯಾಕ್ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಊರಿ ಕಾರಿನ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ಎತ್ತರಕ್ಕೆ ನಿಲ್ಲುತ್ತದೆ. ಅಲೈನ್‌ಮೆಂಟ್ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್‌ಗಳು ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಅಂಟಿರುವುದು ಮಾಮೂಲು. ಕತ್ತರಿಸಿ ತೆಗೆಯಬೇಕಾದೀತು, ಹೊಸ ಬೋಲ್ಟ್ ಮೊದಲೇ ತರಿಸಿಟ್ಟಿರಿ. ಶಾಕ್‌ನ ಬಂಪ್ ಸ್ಟಾಪ್ (ಸಸ್ಪೆನ್ಶನ್ ಪೂರ್ತಿ ಒತ್ತಿದಾಗ ತಡೆಯುವ ಮೆತ್ತೆ) ಪುಡಿಯಾಗಿರುತ್ತದೆ, ಈ ಕಾರಿನಲ್ಲಿ ಸಸ್ಪೆನ್ಶನ್ ಆಡುವ ಅಂತರವೇ ಕಡಿಮೆಯಾದ್ದರಿಂದ ಅದೂ ಮುಖ್ಯ. ಅಲೈನ್‌ಮೆಂಟಿಗೆ ಮುಂದೆ ಮೈನಸ್ 1 ಡಿಗ್ರಿ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು), ಹಿಂದೆ ಮೈನಸ್ 1.5, ಕ್ಯಾಸ್ಟರ್ (ಮುಂಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು) 5 ಡಿಗ್ರಿ ಆಸುಪಾಸು, ಹಿಂದೆ ತುಸು ಟೋ-ಇನ್ (ಚಕ್ರಗಳ ಮುಂದಂಚು ಒಳಮುಖವಾಗಿರುವುದು) ರಸ್ತೆಗೆ ಚೆನ್ನಾಗಿ ಒದಗುತ್ತದೆ. ಓಡಿಸುವವರ ತೂಕವನ್ನು ಸೀಟಿನ ಮೇಲಿಟ್ಟೇ ಅಳೆಯಿಸಿ.

ಆಮೇಲೆ ಗೇರ್ ಲಿವರ್. ಎನ್‌ಎಯ ಲಿವರ್ ಬುಡದಲ್ಲಿ ಗೇರ್‌ಬಾಕ್ಸಿನಿಂದ ಬೇರೆಯಾದ ಸಣ್ಣ ಎಣ್ಣೆಗುಂಡಿ ಇದೆ. ಗೇರ್‌ಬಾಕ್ಸ್ ಎಣ್ಣೆ ಬದಲಿಸುವವರಲ್ಲಿ ಬಹುತೇಕರು ಇದನ್ನು ಮುಟ್ಟುವುದೇ ಇಲ್ಲ. ಕನ್ಸೋಲ್ ತೆಗೆದು, ಮೂರು ಬೋಲ್ಟ್ ಬಿಚ್ಚಿ ಲಿವರ್ ಮೇಲಕ್ಕೆತ್ತಿ. ಒಳಗಿನ ಕಪ್ಪು ಎಣ್ಣೆಯನ್ನು ಸಿರಿಂಜಿನಿಂದ ಎಳೆದು, 75ಡಬ್ಲ್ಯೂ-90 ಜಿಎಲ್-4 ಎಣ್ಣೆ 80ರಿಂದ 90 ಮಿಲಿಲೀಟರ್ ಹಾಕಿ. ಲಿವರ್ ತುದಿಯ ಪ್ಲಾಸ್ಟಿಕ್ ಬುಷ್, ಗುಂಡಿನ ಕೆಳಗಿನ ಬಟ್ಟಲು, ಒಳಗಿನ ಸಣ್ಣ ರಬ್ಬರ್ ಬೂಟ್ ಮೂರನ್ನೂ ಬದಲಿಸಿ. ಆ ಬೂಟ್ ಹರಿದಿದ್ದರೆ ಬಿಸಿಗಾಳಿ, ಸದ್ದು ನೇರ ಒಳಗೆ ಬರುತ್ತದೆ. ಅಲುಗಾಡುತ್ತಿದ್ದ ಲಿವರ್ ಇಷ್ಟರಿಂದಲೇ ಬಿಗಿಯಾಗುತ್ತದೆ.

ಎರಡು ಕಾರನ್ನೂ ಒಂದೇ ರಸ್ತೆಯಲ್ಲಿ, ಒಂದೇ ದಿನ ಓಡಿಸಿ. ಟೈರ್ ತಣ್ಣಗಿರುವಾಗ ಎನ್‌ಎಗೆ 26 ಪಿಎಸ್‌ಐ, ಎನ್‌ಡಿಗೆ 29 ಪಿಎಸ್‌ಐ ಗಾಳಿ ಇರಲಿ. ಅಭ್ಯಾಸಬಲದಿಂದ 33 ತುಂಬಿಸಿದರೆ ಇಷ್ಟು ಹಗುರ ಕಾರು ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ಮೂರನೇ ಗೇರಿನಿಂದ ಎರಡಕ್ಕೆ ಇಳಿಯುವಾಗ ಪೆಡಲುಗಳ ಎತ್ತರ ಗಮನಿಸಿ: ಎನ್‌ಡಿಯ ಆಕ್ಸಿಲರೇಟರ್ ನೆಲಕ್ಕೆ ಕೀಲು ಹಾಕಿದ್ದು, ಬ್ರೇಕ್ ಮೇಲೆ ಕಾಲಿಟ್ಟೇ ಇಂಜಿನ್ ಏರಿಸಲು ಅದೇ ಸಲೀಸು. ಇಂಜಿನ್ನಿನ ಸುತ್ತು ಬೀಳುವ ವೇಗದಲ್ಲಿ ಎನ್‌ಎ ಮುಂದು. ಎಲೆಕ್ಟ್ರಾನಿಕ್ ಥ್ರಾಟಲ್ ಹೊಗೆ ನಿಯಮಕ್ಕಾಗಿ ಮುಚ್ಚುವುದನ್ನು ಕೊಂಚ ತಡಮಾಡುತ್ತದೆ, ಗೇರ್ ಬದಲಿಸುವ ಲಯ ಅದಕ್ಕೆ ಹೊಂದಿಕೊಳ್ಳಲು ಒಂದಷ್ಟು ಹೊತ್ತು ಬೇಕು. ಒಳಗೆ ಕೂತು ಹೊರಗೆ ನೋಡುವುದಕ್ಕೂ ಎನ್‌ಎಯೇ ಮೇಲು: ಕಂಬಗಳು ತೆಳು, ಬಾಗಿಲ ಅಂಚು ತಗ್ಗು, ಮೊಣಕೈ ಅಲ್ಲಿ ತಾನಾಗಿ ಕೂರುತ್ತದೆ.

ಕೈಯಾರೆ ರಿಪೇರಿ ಮಾಡಿಕೊಳ್ಳುವ ಸುಖವೂ ಕಡಿಮೆಯಾಗಿದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎನ್‌ಎಯ 1.6 ಇಂಜಿನ್ನಿನ ಟೈಮಿಂಗ್ ಬೆಲ್ಟ್ ಒಂದು ಲಕ್ಷ ಕಿಲೊಮೀಟರಿಗೆ ಬದಲಿಸುವಂಥದ್ದು. ಅಕಸ್ಮಾತ್ ಹರಿದರೂ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ. ಸಾಮಾನ್ಯ ಸ್ಪ್ಯಾನರ್ ಸೆಟ್ಟಿನಲ್ಲಿ ಮುಕ್ಕಾಲು ಕೆಲಸ ಆಗುತ್ತದೆ. ಆದರೆ ತೀರಾ ಮೊದಲ ಕಾರುಗಳ ಸಣ್ಣ ಮೂಗಿನ (ಮುಂತುದಿ ಸಣ್ಣದಿರುವ) ಕ್ರ್ಯಾಂಕ್ ಬಗ್ಗೆ ಎಚ್ಚರ ಬೇಕು. ಪುಲ್ಲಿಯ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಕೀಲಿ ಕೂರುವ ತೋಡು ಸವೆದು ಪುಲ್ಲಿ ಅಲುಗಾಡತೊಡಗುತ್ತದೆ, ಟೈಮಿಂಗ್ ತಪ್ಪುತ್ತದೆ. ಸೀಟಿನ ಹಿಂದೆ ಚಾವಣಿಯ ನೀರು ಇಳಿಯುವ ಕೊಳವೆ ಕಸದಿಂದ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್‌ನೊಳಗೆ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಎನ್‌ಡಿಗೂ ತನ್ನದೇ ದೋಷ ಇದೆ: 2018ಕ್ಕೆ ಮುಂಚಿನ ಕೆಲವು ಕಾರುಗಳ ಆರು ಗೇರಿನ ಬಾಕ್ಸ್ ಒಡೆದಿವೆ, ಮಾಜ್ದಾ ಅದರ ಒಳಭಾಗಗಳನ್ನು ಹಲವು ಸಲ ತಿದ್ದಿದೆ. ಹಳೆಯ ಎನ್‌ಡಿ ಕೊಳ್ಳುವಾಗ ಗೇರ್‌ಬಾಕ್ಸ್ ಬದಲಾಗಿದೆಯೇ, ಯಾವಾಗ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ. ಎರಡು, ಮೂರು, ನಾಲ್ಕನೇ ಗೇರುಗಳಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ, ಊಳಿಡುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಬಂದರೆ ಆ ಕಾರು ಬಿಟ್ಟು ಬೇರೆಯದನ್ನು ನೋಡಿ.