ಮೂರು ಚೀಲ ಯಾರಿಗೆ ಕೊಡೋದು?

ಅಮೆರಿಕದ ಒಹಾಯೋದಲ್ಲಿ ನಾಲ್ಕು ವರ್ಷ ಇದ್ದರೆ ಸಾಕು, ಯಾರಾದರೂ ಒಬ್ಬರು ಜಿಪ್ ಚೀಲದಲ್ಲಿ ಹುಳಿ ಬಂದ ಹಿಟ್ಟು ತಂದು ಕೈಗೆ ಕೊಟ್ಟೇ ಕೊಡುತ್ತಾರೆ. ಜೊತೆಗೊಂದು ಚೀಟಿ: ಆಮಿಶ್ ಫ್ರೆಂಡ್‌ಶಿಪ್ ಬ್ರೆಡ್. ನನಗೆ ಕೊಟ್ಟವರು ಎದುರು ಮನೆಯ ಅಜ್ಜಿ. ಆಮಿಶ್ ಅಂದರೆ ಹಳೇ ಕಾಲದವರಂತೆ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಗಡ. ಆ ಜನರಿಗೂ ಈ ಬ್ರೆಡ್‌ಗೂ ನಿಜಕ್ಕೂ ಸಂಬಂಧ ಇದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಜರ್ಮನಿಯಲ್ಲಿ ಇಂಥದ್ದೇ ಸಿಹಿ ಹಿಟ್ಟಿಗೆ ಹರ್ಮನ್ ಅಂತ ಹೆಸರಿಟ್ಟು ಮನೆಯಿಂದ ಮನೆಗೆ ದಾಟಿಸುತ್ತಾರೆ.

ನಮ್ಮ ಕಡೆ ಮೊಸರಿಗೆ ಹೆಪ್ಪು ಇಸ್ಕೊಂಡು ಬರ್ತೀವಲ್ಲ, ಹಾಗೇ ಇದು. ಒಂದೇ ವ್ಯತ್ಯಾಸ: ಹೆಪ್ಪು ಬೇಕಾದವರು ಬಂದು ಕೇಳುತ್ತಾರೆ. ಇದನ್ನು ಕೇಳದಿದ್ದರೂ ಕೊಡುತ್ತಾರೆ!

ಚೀಟಿಯಲ್ಲಿ ಹತ್ತು ದಿನದ ಲೆಕ್ಕ ಇರುತ್ತದೆ. ಐದನೇ ದಿನದವರೆಗೆ ದಿನಕ್ಕೊಂದು ಸಲ ಚೀಲ ಹಿಸುಕಿ, ಗಾಳಿ ತುಂಬಿದ್ದರೆ ಹೊರಗೆ ಬಿಡಬೇಕು. ಆರನೇ ದಿನ ಒಂದೊಂದು ಕಪ್ ಮೈದಾ, ಸಕ್ಕರೆ, ಹಾಲು. ಮತ್ತೆ ಹಿಸುಕೋದು. ಹತ್ತನೇ ದಿನ ಇನ್ನೊಮ್ಮೆ ಅಷ್ಟೇ ಹಾಕಿ, ಒಂದೊಂದು ಕಪ್‌ನಂತೆ ನಾಲ್ಕು ಪಾಲು ತೆಗೆಯಬೇಕು. ಒಂದು ನಮಗೆ, ಮೂರು ಸ್ನೇಹಿತರಿಗೆ. ಉಳಿದದ್ದರಲ್ಲಿ ಬ್ರೆಡ್.

ಫೋನಿನಲ್ಲಿ ಅಮ್ಮನಿಗೆ ಚೀಲ ತೋರಿಸಿದಾಗ, "ಹತ್ತು ದಿನ ಹಾಲು ಹೊರಗಿಟ್ರೆ ಕೆಡಲ್ವೇನೇ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಒಳಗಿರುವ ಯೀಸ್ಟ್ ಮತ್ತು ಮೊಸರಿನಲ್ಲಿರುವಂಥ ಬ್ಯಾಕ್ಟೀರಿಯಾ ಹಿಟ್ಟನ್ನು ಹುಳಿ ಮಾಡುತ್ತವೆ. ಆ ಹುಳಿಯಲ್ಲಿ ಬೇರೆ ಕೆಟ್ಟ ಜೀವಿಗಳು ಬೆಳೆಯುವುದು ಕಷ್ಟ. ಮೂರ್ನಾಲ್ಕನೇ ದಿನ ಸ್ವಲ್ಪ ಹೆಂಡದ ವಾಸನೆ, ಆಮೇಲೆ ಮಾಗಿದ ಹಣ್ಣಿನ ಹುಳಿ ವಾಸನೆ ಬಂದರೆ ಸರಿಯಾಗಿದೆ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ಬೂಷ್ಟು ಬಂದಿದ್ದರೆ ಮುಲಾಜಿಲ್ಲದೆ ಎಸೆಯಿರಿ. ಮೇಲಿನದಷ್ಟೇ ತೆಗೆದು ಬಳಸೋದು ಬೇಡ.

ಲೋಹದ ಚಮಚ ಮುಟ್ಟಿಸಬಾರದು ಅಂತಲೂ ಚೀಟಿಯಲ್ಲಿ ಬರೆದಿರುತ್ತದೆ. ಸ್ಟೀಲಿಗೆ ಏನೂ ಆಗಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ.

ನಿಜವಾದ ತಲೆನೋವು ಆ ಮೂರು ಚೀಲ. ಪ್ರತಿಯೊಬ್ಬರೂ ಚೀಟಿಯಂತೆ ನಡೆದುಕೊಂಡರೆ ಒಂದು ಚೀಲ ಒಂದು ತಿಂಗಳಲ್ಲಿ 64 ಆಗುತ್ತದೆ. ಎರಡು ತಿಂಗಳಲ್ಲಿ 4,096! ಅಷ್ಟು ಸ್ನೇಹಿತರು ಯಾರಿಗಿದ್ದಾರೆ? ನಮ್ಮವರ ಆಫೀಸಿನಲ್ಲಿ ಈಗ ಅವರ ಕೈಯಲ್ಲಿ ಚೀಲ ಕಂಡರೆ ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರಂತೆ. ಯುಗಾದಿ ಊಟಕ್ಕೆ ಕನ್ನಡ ಸಂಘಕ್ಕೆ ಹೋದಾಗ ಒಬ್ಬರು ದೂರದಿಂದಲೇ, "ಅಕ್ಕಾ, ನಮ್ಮನೇಲಿ ಹೋದ ಸಲದ್ದೇ ಇದೆ" ಅಂತ ಕೈ ಮುಗಿದರು.

ಅದಕ್ಕೇ ಈಗ ಎಲ್ಲವನ್ನೂ ಕಾಲು ಭಾಗಕ್ಕೆ ಇಳಿಸಿದ್ದೇನೆ. ಕಾಲು ಕಪ್ ಹಿಟ್ಟು ಇಟ್ಟುಕೊಳ್ಳುತ್ತೇನೆ. ಆರನೇ ದಿನವೂ ಹತ್ತನೇ ದಿನವೂ ಮೈದಾ, ಸಕ್ಕರೆ, ಹಾಲು ಕಾಲು ಕಾಲು ಕಪ್. ಎಲ್ಲ ಕರಗಿ ಬೆರೆತು ಕೊನೆಗೆ ಹೆಚ್ಚುಕಮ್ಮಿ ಒಂದೂಕಾಲು ಕಪ್ ಆಗುತ್ತದೆ. ಒಂದು ಕಪ್ ಬ್ರೆಡ್‌ಗೆ, ಕಾಲು ಕಪ್ ಮುಂದಿನ ಸರದಿಗೆ. ಯಾರ ಬಾಗಿಲೂ ತಟ್ಟಬೇಕಿಲ್ಲ. ಊರಿಗೆ ಹೋಗುವಾಗ ಚೀಲವನ್ನು ಫ್ರೀಜರಿಗೆ ಹಾಕುತ್ತೇನೆ. ಬಂದ ಮೇಲೆ ಹೊರಗಿಟ್ಟು, ಕರಗಿದ ದಿನವನ್ನೇ ಮೊದಲನೇ ದಿನ ಅಂತ ಎಣಿಸಿದರಾಯಿತು.

ಬ್ರೆಡ್ ಅಂತ ಹೆಸರಷ್ಟೇ, ತಿನ್ನೋಕೆ ಕೇಕೇ. ಈ ಹಿಟ್ಟು ಒಂದರಿಂದಲೇ ಚೆನ್ನಾಗಿ ಉಬ್ಬಲ್ಲ. ಸಕ್ಕರೆ ಜಾಸ್ತಿ ಇದ್ದರೆ ಯೀಸ್ಟ್ ನಿಧಾನ ಆಗುತ್ತದೆ. ಅದಕ್ಕೇ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಬೇಕೇ ಬೇಕು. ಹಿಟ್ಟಿನ ಕೆಲಸ ರುಚಿ ಮತ್ತು ಮೆತ್ತಗಿನ ಹದ ಕೊಡೋದು. ಮೂಲ ಅಳತೆಯಲ್ಲಿ ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಎಣ್ಣೆ, ಅರ್ಧ ಕಪ್ ಹಾಲು, ಮೂರು ಮೊಟ್ಟೆ, ಚಕ್ಕೆ ಪುಡಿ, ಮೇಲೆ ವೆನಿಲಾ ಪುಡ್ಡಿಂಗ್ ಪೌಡರಿನ ಪೊಟ್ಟಣ. ಆ ಪೊಟ್ಟಣ ನಾನು ಹಾಕಲ್ಲ. ಅದಿಲ್ಲದೇ ಹಿಟ್ಟಿನ ಹುಳಿ ನಾಲಿಗೆಗೆ ತಿಳಿಯುತ್ತದೆ. ಸಕ್ಕರೆ ಮುಕ್ಕಾಲು ಕಪ್ ಸಾಕು. ಮೊಟ್ಟೆ ತಿನ್ನದವರಿಗೆ ಮುಕ್ಕಾಲು ಕಪ್ ಗಟ್ಟಿ ಮೊಸರು. ಚಕ್ಕೆ ಅರ್ಧ ಮಾಡಿ, ಏಲಕ್ಕಿ ಕುಟ್ಟಿ ಹಾಕಿ ನೋಡಿ. ಎರಡು ಲೋಫ್ ಟಿನ್‌ಗೆ ಬೆಣ್ಣೆ ಸವರಿ, ಚಕ್ಕೆ ಬೆರೆಸಿದ ಸಕ್ಕರೆ ಉದುರಿಸಿ, 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು ಒಂದು ಗಂಟೆ. ಅಂಚಿನಲ್ಲಿ ಸಕ್ಕರೆ ಕರಗಿ ಗರಿಗರಿ ಆಗುತ್ತದಲ್ಲ, ಆ ತುದಿಯ ತುಂಡಿಗೇ ಮನೆಯಲ್ಲಿ ಜಗಳ.

ಹಂಚೋದನ್ನ ಪೂರ್ತಿ ಬಿಟ್ಟಿಲ್ಲ. ಈಗ ಮೊದಲು ಬ್ರೆಡ್ ಕೊಡುತ್ತೇನೆ, ಹಿಟ್ಟಿನ ಮಾತೇ ಎತ್ತಲ್ಲ. ಆಮೇಲೆ ಫೋನ್ ಮಾಡಿ "ಇದು ಹೇಗೆ ಮಾಡಿದ್ರಿ?" ಅಂತ ಅವರೇ ಕೇಳಿದರೆ ಮಾತ್ರ ಚೀಲ. ಅದರ ಜೊತೆ ಕಾಲು ಕಪ್ ಅಳತೆಯ, ನಾನೇ ಬರೆದ ಚೀಟಿ.