ಚುಕ್ಕಿಯ ಮಂಡಿ, ಬೂಸಾದ ಲೆಕ್ಕ: ಆರನೇ ವಾರ

ಇವತ್ತು ಬೆಳಿಗ್ಗೆ ನನ್ನ ಕುದುರೆ ಮರಿ ಚುಕ್ಕಿಯ ಎಡ ಮಂಡಿಯ ಮೇಲೆ ಕೈ ಇಟ್ಟೆ. ಬಿಸಿ ಇಲ್ಲ! ಮೂರು ವಾರದಿಂದ ದಿನಾ ಎರಡು ಹೊತ್ತು ಮುಟ್ಟಿ ನೋಡುತ್ತಿದ್ದೇನೆ, ಎರಡೂ ಕಾಲು ಒಂದೇ ಥರ ತಣ್ಣಗಿದ್ದದ್ದು ಇವತ್ತೇ ಮೊದಲು. ಖುಷಿಗೆ ಕುತ್ತಿಗೆ ತಬ್ಬಿಕೊಂಡೆ, ಅವಳು ನನ್ನ ಜೇಬಲ್ಲಿ ಕ್ಯಾರೆಟ್ ಹುಡುಕಿದಳು.

ಅವಳ ಬಲ ಮುಂಗಾಲಿನ ಸ್ಪ್ಲಿಂಟ್ ಮೂಳೆ (ಮಂಡಿಯ ಕೆಳಗೆ ದಪ್ಪ ಮೂಳೆಯ ಪಕ್ಕದಲ್ಲಿರುವ ತೆಳು ಮೂಳೆ) ಬಿರುಕು ಬಿಟ್ಟಿತ್ತು, ಬ್ಯಾಂಡೇಜು ಹಾಕಿ ಲಾಯದಲ್ಲೇ ಕಟ್ಟಿಹಾಕಿದ್ದೆ. ಆ ಕಾಲು ಸರಿಯಾಗಿಯೇ ಮಾಯುತ್ತಿತ್ತು. ನನ್ನ ನಿದ್ದೆ ಕೆಡಿಸಿದ್ದು ಚೆನ್ನಾಗಿದ್ದ ಎಡಗಾಲು. ಮೂರನೇ ವಾರ ಮಂಡಿಯ ಸ್ವಲ್ಪ ಮೇಲೆ, ಒಳಮಗ್ಗುಲಲ್ಲಿ ಗಟ್ಟಿ ಊತ ಕಾಣಿಸಿತು. ಡಾಕ್ಟರ್ ಎಕ್ಸ್‌ರೇ ನೋಡಿ ಫೈಸೈಟಿಸ್ ಅಂದರು, ಅಂದರೆ ಮೂಳೆ ಬೆಳೆಯುವ ತುದಿಯಲ್ಲಿ ಉರಿಯೂತ. ಹನ್ನೊಂದು ತಿಂಗಳ ಮಾರವಾಡಿ ತಳಿಯ ಮರಿ, ಮೂಳೆ ಇನ್ನೂ ಬೆಳೆಯುತ್ತಿದೆ, ನೋವಿನ ಕಾಲು ಬಿಟ್ಟು ಭಾರವೆಲ್ಲ ಈ ಕಾಲಿನ ಮೇಲೆ. ಆಮೇಲೆ ಕೇಳಿದರು: "ಮೇವು ಏನು ಹಾಕ್ತಿದ್ದೀರಿ?"

ಓಟ್ಸ್ ಪೂರ್ತಿ ನಿಲ್ಲಿಸಿದ್ದೆ. ಅದರ ಬದಲು ದಿನಕ್ಕೆ 2 ಕೆಜಿ ಗೋಧಿ ಬೂಸಾ ನೆನೆಸಿ, ಜೊತೆಗೆ 12 ಕೆಜಿ ಹಸಿ ನೇಪಿಯರ್ ಹುಲ್ಲು. ಪೆಟ್ಟು ಬಿದ್ದ ಕುದುರೆಗೆ ಬೂಸಾ ಹಗುರ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ರಾತ್ರಿ ಕೂತು ಲೆಕ್ಕ ಹಾಕಿದೆ. ಅಷ್ಟು ಬೂಸಾದಲ್ಲಿ ಫಾಸ್ಫರಸ್ ಸುಮಾರು 22 ಗ್ರಾಂ, ಕ್ಯಾಲ್ಸಿಯಂ 2-3 ಗ್ರಾಂ ಅಷ್ಟೇ. ನೇಪಿಯರ್‌ನಲ್ಲಿ ಹತ್ತು ಗ್ರಾಂ ಕ್ಯಾಲ್ಸಿಯಂ ಸಿಗಬಹುದು, ಆದರೆ ಅದರಲ್ಲಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂನ್ನೇ ಹಿಡಿದಿಟ್ಟುಕೊಂಡು ಸಗಣಿಯಲ್ಲಿ ಹೊರಗೆ ಹೋಗುತ್ತದೆ. 220 ಕೆಜಿ ತೂಕದ ಈ ಮರಿಗೆ ದಿನಕ್ಕೆ ಹತ್ತಿರಹತ್ತಿರ 28 ಗ್ರಾಂ ಕ್ಯಾಲ್ಸಿಯಂ ಬೇಕು, ಫಾಸ್ಫರಸ್‌ಗಿಂತ ಒಂದೂವರೆ ಎರಡು ಪಟ್ಟು. ನಾನು ಕೊಟ್ಟಿದ್ದು ಪೂರ್ತಿ ತಲೆಕೆಳಗು. ಮೂಳೆ ಕೂಡಬೇಕಾದ ಹೊತ್ತಲ್ಲಿ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಮೇವು ಹಾಕಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಕ್ಯಾಲ್ಸಿಯಂ ಜಾಸ್ತಿ ಇರುವ ಕುದುರೆ ಮಸಾಲೆ (ಲೂಸರ್ನ್ ಮೇವು) ಬರೀ ಅದನ್ನೇ ಸುರಿದರೂ ಆಗಲ್ಲ. ಒಣ ಕುದುರೆ ಮಸಾಲೆ 2 ಕೆಜಿ, ಒಣಹುಲ್ಲು ಎರಡೂವರೆ ಕೆಜಿ ಇಟ್ಟು ನೋಡಿದೆ. ಕ್ಯಾಲ್ಸಿಯಂ 34 ಗ್ರಾಂ ಮುಟ್ಟಿತು, ಫಾಸ್ಫರಸ್ ಹತ್ತಕ್ಕೇ ನಿಂತಿತು, ಅಂದರೆ ಮೂರು ಪಟ್ಟಿಗೂ ಜಾಸ್ತಿ. ಎರಡು ದಿನ ಇಲ್ಲೇ ಸಿಕ್ಕಿಹಾಕಿಕೊಂಡೆ. ಕೊನೆಗೆ ದಾರಿ ತೋರಿಸಿದ್ದು ನಾನು ಆಚೆ ಎಸೆಯಬೇಕು ಅಂದುಕೊಂಡಿದ್ದ ಅದೇ ಬೂಸಾ! 400 ಗ್ರಾಂ ಬೂಸಾ, ಬೇಯಿಸಿದ ಹುರುಳಿ 250 ಗ್ರಾಂ (ಬೇಯಿಸುವ ಮುಂಚಿನ ತೂಕ) ಸೇರಿಸಿದಾಗ ಕ್ಯಾಲ್ಸಿಯಂ-ಫಾಸ್ಫರಸ್ ಲೆಕ್ಕ ಎರಡಕ್ಕೆ ಒಂದರ ಹತ್ತಿರ ಬಂತು, ಪ್ರೋಟೀನೂ 640 ಗ್ರಾಂ ಆಯಿತು. ಜೊತೆಗೆ ತಾಮ್ರ, ಸತು ಇರುವ ಕುದುರೆಯದೇ ಮಿನರಲ್ ಪುಡಿ, ಎರಡು ಚಮಚ ಉಪ್ಪು. ಹಳೇ ಮೇವಿಂದ ಇದಕ್ಕೆ ಬರಲು ಹತ್ತು ದಿನ ತಗೊಂಡೆ, ನಿಂತಲ್ಲೇ ನಿಂತ ಕುದುರೆಗೆ ಹೊಟ್ಟೆನೋವು ಬಂದರೆ ಇನ್ನೊಂದು ಗೋಳು.

ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟುತ್ತೇನೆ. ಅವಳು ತುಟಿಯಿಂದ ಒಂದೊಂದೇ ಎಳೆ ಹಿಡಿದು, ಕಿವಿ ಹಿಂದೆ ಮಾಡಿ, ಜಗ್ಗಿ ಎಳೆಯುತ್ತಾಳೆ. ಬೇಗ ಖಾಲಿಯಾಗಲ್ಲ, ಬಾಗಿಲು ಕಚ್ಚುವುದೂ ನಿಂತಿದೆ.

ಮೇವಿನ ಅಂಗಡಿಯವರ ಬಗ್ಗೆ ಹೇಳದೆ ಇರಲಾರೆ. ಕುದುರೆ ಮಸಾಲೆ ಹೊರೆಯ ಮೇಲೆಲ್ಲ ಹಸಿರು, ನಡುವೆ ಕೈ ಹಾಕಿದರೆ ಬೂಷ್ಟು. ಮೂರರಲ್ಲಿ ಒಂದನ್ನು ವಾಪಸ್ ಕಳಿಸಿದೆ. ಇನ್ನೊಬ್ಬರು ಮಿನರಲ್ ಕೇಳಿದರೆ ದನದ ಫೀಡ್ ತೋರಿಸಿ "ಎಲ್ಲಾ ಒಂದೇ ಸಾರ್" ಅಂದರು. ಒಂದೇ ಅಲ್ಲ! ಮೊನೆನ್ಸಿನ್ ಅನ್ನೋ ಔಷಧ ಬೆರೆಸಿದ ಫೀಡ್ ದನಕ್ಕೆ ಸರಿ, ಕುದುರೆಯ ಹೃದಯವನ್ನೇ ಕೆಡಿಸಿ ಕೊಲ್ಲುತ್ತದೆ. ಚೀಲದ ಮೇಲಿನದನ್ನು ದಯವಿಟ್ಟು ಓದಿ.

ಇದೇ ಸಿಟ್ಟಿಗೆ ಬಾವಿ ಪಕ್ಕದ 5 ಗುಂಟೆ ಹದ ಮಾಡುತ್ತಿದ್ದೇನೆ. ಅಕ್ಟೋಬರ್ ಕೊನೆಗೆ ಆರ್‌ಎಲ್-88 ತಳಿಯ ಕುದುರೆ ಮಸಾಲೆ, ಒಂದು ಕೆಜಿಗೂ ಸ್ವಲ್ಪ ಜಾಸ್ತಿ ಬೀಜ, ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸುವ ಜೀವಾಣು) ಹಚ್ಚಿ ಬಿತ್ತನೆ. ನೀರು ನಿಲ್ಲದ ಹಾಗೆ ಮಡಿ ಹೇಗೆ ಮಾಡೋದು ಅಂತ ಅನುಭವ ಇದ್ದವರು ಹೇಳಿ. ಸೋಮವಾರ ಚುಕ್ಕಿಯ ಎರಡನೇ ಎಕ್ಸ್‌ರೇ ಇದೆ, ಡಾಕ್ಟರ್ ಒಪ್ಪಿದರೆ ಹತ್ತು ನಿಮಿಷ ಅಂಗಳದಲ್ಲಿ ಹಗ್ಗ ಹಿಡಿದು ನಡೆಸುತ್ತೇನೆ.